ಸಾಲಿನೊಳಗೆ ಇಳಿದು ನೋಡುವ ಡಿಬಗ್ಗರ್: ಪೈಥಾನ್ ಕಲಿಯುವವರಿಗೆ ಥಾನಿ ಎಷ್ಟು ಉಪಯೋಗ?

ಪ್ರೋಗ್ರಾಮ್ ತಪ್ಪು ಉತ್ತರ ಕೊಟ್ಟಾಗ ಹೊಸಬರು ಮೊದಲು ಕೋಡನ್ನು ಮತ್ತೆ ಓದುತ್ತಾರೆ. ಓದುವಾಗ ಕಣ್ಣಿಗೆ ಬೀಳುವುದು ತಾವು ಬರೆಯಬೇಕು ಅಂದುಕೊಂಡಿದ್ದದ್ದು. ನಿಜವಾಗಿ ಬರೆದದ್ದು ಕಾಣುವುದೇ ಇಲ್ಲ. ಆಮೇಲೆ ಅಲ್ಲಲ್ಲಿ ಪ್ರಿಂಟ್ ಹಾಕುತ್ತಾರೆ. ಅದೇನೂ ಕೆಟ್ಟ ದಾರಿಯಲ್ಲ. ಆದರೆ ಪ್ರಿಂಟ್ ಎಲ್ಲಿ ಹಾಕಬೇಕು ಎಂದು ಗೊತ್ತಾಗಬೇಕಾದರೆ ತಪ್ಪು ಎಲ್ಲಿರಬಹುದು ಎಂಬ ಅಂದಾಜು ಮೊದಲೇ ಇರಬೇಕು, ಹೊಸಬರಿಗೆ ಇಲ್ಲದಿರುವುದು ಆ ಅಂದಾಜೇ. ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ಓಡಿಸಿ ಒಳಗೆ ಏನಾಗುತ್ತಿದೆ ಎಂದು ತೋರಿಸುವ ಸಾಧನ, ಅಂದರೆ ಡಿಬಗ್ಗರ್, ಬೇಕಾಗುವುದು ಇಲ್ಲಿ. ಬಹುತೇಕ ಡಿಬಗ್ಗರ್‌ಗಳು ಪಳಗಿದ ಕೈಗಳಿಗಾಗಿ ಮಾಡಿದವು. ಥಾನಿಯಲ್ಲಿರುವುದು ಕಲಿಯುವವರಿಗೆಂದೇ ಮಾಡಿದ್ದು.

ಥಾನಿ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಐವಾರ್ ಅನ್ನಮಾ ಅವರ ಕೈಯಲ್ಲಿ ರೂಪುಗೊಂಡ ಪೈಥಾನ್ ಎಡಿಟರ್. ಉಚಿತ, ಮುಕ್ತ ತಂತ್ರಾಂಶ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಓಎಸ್‌ನ ಡೆಸ್ಕ್‌ಟಾಪ್‌ನಲ್ಲಿ ಮೊದಲೇ ಇರುತ್ತದೆ. ವಿಂಡೋಸ್‌ಗೆ 4.1 ಆವೃತ್ತಿಯ ಇನ್‌ಸ್ಟಾಲರ್ ಹಾಕಿಕೊಂಡರೆ ಅದರೊಳಗೇ ಪೈಥಾನ್ 3.10 ಬರುತ್ತದೆ, ಪೈಥಾನನ್ನು ಬೇರೆಯಾಗಿ ಇಳಿಸಿ ಪಾತ್ ಹೊಂದಿಸುವ ರಗಳೆಯಿಲ್ಲ. ಶಾಲೆ ಕಾಲೇಜಿನ ಲ್ಯಾಬ್‌ನಲ್ಲಿ ಇನ್ನೂ ವಿಂಡೋಸ್ 7 ಓಡುತ್ತಿದ್ದರೆ ಪೈಥಾನ್ 3.8 ಇರುವ 32 ಬಿಟ್ ಇನ್‌ಸ್ಟಾಲರ್ ಆರಿಸಿಕೊಳ್ಳಿ. 64 ಬಿಟ್‌ನದ್ದು ಅಲ್ಲಿ ಓಡುವುದಿಲ್ಲ.

ತೆರೆದ ಕೂಡಲೇ ಮಾಡಬೇಕಾದ ಒಂದು ಕೆಲಸವಿದೆ: ವ್ಯೂ ಮೆನುವಿನಲ್ಲಿ ವೇರಿಯೇಬಲ್ಸ್‌ಗೆ ಟಿಕ್ ಹಾಕಿ, ವೇರಿಯೇಬಲ್‌ಗಳ ಬೆಲೆ ತೋರಿಸುವ ಫಲಕ ತೆರೆಯುತ್ತದೆ. ರಾಸ್ಪ್‌ಬೆರಿ ಪೈಯಲ್ಲಿ ಮೆನುಗಳೇ ಕಾಣದಿದ್ದರೆ ಗಾಬರಿ ಬೇಡ, ಅದು ಸಿಂಪಲ್ ಮೋಡ್. ಬಲ ಮೂಲೆಯಲ್ಲಿರುವ ರೆಗ್ಯುಲರ್ ಮೋಡ್ ಕೊಂಡಿಯನ್ನು ಒತ್ತಿ, ಥಾನಿಯನ್ನು ಮುಚ್ಚಿ ಮತ್ತೆ ತೆರೆಯಿರಿ.

ಎಫ್5 ಒತ್ತಿದರೆ ಪ್ರೋಗ್ರಾಮ್ ಸುಮ್ಮನೆ ಓಡುತ್ತದೆ. ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿದರೆ ಡಿಬಗ್ಗರ್ ಶುರುವಾಗಿ ಮೊದಲ ಸಾಲಿನ ಮೇಲೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಮೂರೇ ಕೀಲಿ. ಎಫ್6 ಗುರುತಾಗಿರುವ ಭಾಗವನ್ನು ಒಂದೇ ಏಟಿಗೆ ಮುಗಿಸುತ್ತದೆ. ಎಫ್7 ಅದರ ಒಳಗೆ ಇಳಿಯುತ್ತದೆ. ಎಫ್8 ತಡೆಯಿಲ್ಲದೆ ಓಡಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಫ್6 ಒತ್ತಿದಾಗ ಪರದೆಯ ಬೆಳಕೋ ಸದ್ದೋ ಬದಲಾದರೆ ಎಫ್‌ಎನ್ ಕೀಲಿಯನ್ನೂ ಸೇರಿಸಿ ಒತ್ತಬೇಕು.

ಥಾನಿಯ ಹೆಚ್ಚುಗಾರಿಕೆ ಇರುವುದು ಎಫ್7ರಲ್ಲಿ. ಬೇರೆ ಡಿಬಗ್ಗರ್‌ಗಳಲ್ಲಿ ಒಳಗಿಳಿಯುವುದು ಎಂದರೆ ಫಂಕ್ಷನ್ ಒಳಗೆ ಹೋಗುವುದು. ಇಲ್ಲಿ ಒಂದೇ ಸಾಲಿನ ಲೆಕ್ಕದೊಳಕ್ಕೂ ಇಳಿಯಬಹುದು. ವೇರಿಯೇಬಲ್‌ನ ಹೆಸರು ಇದ್ದ ಜಾಗದಲ್ಲಿ ಅದರ ಬೆಲೆ ಬಂದು ಕೂರುತ್ತದೆ, ಆಮೇಲೆ ಎರಡು ಬೆಲೆಗಳು ಕೂಡಿ ಒಂದಾಗುತ್ತವೆ, ಕೊನೆಗೆ ಇಡೀ ಸಾಲು ಒಂದು ಉತ್ತರವಾಗಿ ಕುಗ್ಗುತ್ತದೆ. ಕಾಗದದ ಮೇಲೆ ಗಣಿತ ಬಿಡಿಸುವಾಗ ಹಂತ ಹಂತವಾಗಿ ಬರೆಯುತ್ತೇವಲ್ಲ, ಹಾಗೆಯೇ.

ಇದರಿಂದ ಆಗುವ ಉಪಕಾರ ತೀರಾ ಸಾಮಾನ್ಯವಾದ ತಪ್ಪಿನಲ್ಲೇ ಕಾಣುತ್ತದೆ. ಎರಡು ಸಂಖ್ಯೆ ಕೇಳಿ ಕೂಡಿಸುವ ಪ್ರೋಗ್ರಾಮ್ 5 ಮತ್ತು 7ಕ್ಕೆ 57 ಎಂದು ತೋರಿಸುತ್ತದೆ. ಇನ್‌ಪುಟ್ ಯಾವಾಗಲೂ ಅಕ್ಷರಗಳ ಸರಣಿಯನ್ನೇ (ಸ್ಟ್ರಿಂಗ್) ಕೊಡುತ್ತದೆ ಎಂದು ಪುಸ್ತಕದಲ್ಲಿ ಓದಿರುತ್ತಾರೆ, ಆದರೆ ನೆನಪಿರುವುದಿಲ್ಲ. ಕೂಡಿಸುವ ಸಾಲಿನ ಮೇಲೆ ಎಫ್7 ಒತ್ತುತ್ತಾ ಹೋದರೆ ಹೆಸರುಗಳ ಜಾಗದಲ್ಲಿ ಉದ್ಧರಣ ಚಿಹ್ನೆ ಸಮೇತ '5', '7' ಕಾಣಿಸುತ್ತವೆ. ಆ ಚಿಹ್ನೆ ಕಂಡಮೇಲೆ ಅದನ್ನು ಸಂಖ್ಯೆಯಾಗಿಸುವ ಇಂಟ್ ಹಾಕಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಒಂದು ತೊಡಕನ್ನು ಮೊದಲೇ ತಿಳಿದಿರಿ. ಇನ್‌ಪುಟ್ ಇರುವ ಸಾಲಿನಲ್ಲಿ ಎಫ್6 ಒತ್ತಿದಮೇಲೆ ಯಾವ ಕೀಲಿಗೂ ಡಿಬಗ್ಗರ್ ಅಲುಗಾಡುವುದಿಲ್ಲ, ಕೆಟ್ಟುನಿಂತಂತೆ ಅನಿಸುತ್ತದೆ. ಅದು ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತದೆ. ಕೆಳಗಿನ ಶೆಲ್ ಫಲಕದ ಮೇಲೆ ಕ್ಲಿಕ್ ಮಾಡಿ, ಸಂಖ್ಯೆ ಟೈಪ್ ಮಾಡಿ, ಎಂಟರ್ ಒತ್ತಿ.

ಇನ್ನೊಂದು, ಪ್ರಿಂಟ್ ಹಾಕಿದರೆ ಸುಲಭಕ್ಕೆ ಸಿಗದ ತಪ್ಪು. ಉತ್ತರ 'ಹೌದು' ಅಥವಾ 'ಹೂಂ' ಆಗಿದ್ದರೆ ಮುಂದುವರಿ ಎಂದು ಬರೆಯಲು ಹೋಗಿ, ಇಫ್ ಉತ್ತರ == 'ಹೌದು' ಆರ್ 'ಹೂಂ' ಎಂದು ಬರೆದಿರುತ್ತಾರೆ. ಬಳಕೆದಾರರು 'ಬೇಡ' ಎಂದರೂ ಪ್ರೋಗ್ರಾಮ್ ಮುಂದುವರಿಯುತ್ತದೆ. ಉತ್ತರವನ್ನು ಪ್ರಿಂಟ್ ಮಾಡಿ ನೋಡಿದರೆ 'ಬೇಡ' ಎಂದೇ ಸರಿಯಾಗಿ ಬರುತ್ತದೆ, ಗೊಂದಲ ಇನ್ನೂ ಹೆಚ್ಚುತ್ತದೆ. ಎಫ್7 ಒತ್ತಿ ಇಳಿದರೆ ಎಡಭಾಗ ಫಾಲ್ಸ್ ಆಗುವುದು ಕಾಣುತ್ತದೆ. ನಂತರ ಇಡೀ ಷರತ್ತಿನ ಬೆಲೆ 'ಹೂಂ' ಎಂಬ ಪದವೇ ಆಗಿಬಿಡುತ್ತದೆ. ಖಾಲಿಯಲ್ಲದ ಪದ ಪೈಥಾನ್‌ಗೆ ನಿಜ ಎಂದೇ ಲೆಕ್ಕ. ಎರಡೂ ಕಡೆ ಪೂರ್ತಿ ಹೋಲಿಕೆ ಬರೆಯಬೇಕು ಎಂಬ ನಿಯಮಕ್ಕೆ ಕಾರಣ ಏನೆಂದು ಆಗ ಗೊತ್ತಾಗುತ್ತದೆ.

ಲೂಪ್‌ಗಳ ವಿಷಯದಲ್ಲಿ ಎಫ್6 ಮತ್ತು ವೇರಿಯೇಬಲ್ಸ್ ಫಲಕ ಸಾಕು. 1ರಿಂದ 10ರವರೆಗಿನ ಮೊತ್ತ 55 ಬರಬೇಕಾದಲ್ಲಿ 45 ಬಂದರೆ ಕೊನೆಯ ಸುತ್ತಿನಲ್ಲಿ ಎಣಿಕೆ 9ಕ್ಕೇ ನಿಂತಿರುವುದು ಫಲಕದಲ್ಲಿದೆ. ರೇಂಜ್‌ನ ಎರಡನೆಯ ಸಂಖ್ಯೆ ಸೇರುವುದಿಲ್ಲ, 11 ಕೊಡಬೇಕು. ಪಟ್ಟಿಯ ಮೇಲೆ ಸುತ್ತುತ್ತಲೇ ಅದರಿಂದ ತೆಗೆದುಹಾಕುವ ತಪ್ಪು ಇದಕ್ಕಿಂತ ಕಳ್ಳ. 4, 6, 7 ಇರುವ ಪಟ್ಟಿಯಿಂದ ಸಮಸಂಖ್ಯೆಗಳನ್ನು ತೆಗೆಯಲು ಹೋದರೆ 6 ಉಳಿದುಕೊಳ್ಳುತ್ತದೆ. ಡಿಬಗ್ಗರ್‌ನಲ್ಲಿ ಲೂಪಿನ ವೇರಿಯೇಬಲ್ 4ರಿಂದ ನೇರ 7ಕ್ಕೆ ಜಿಗಿಯುತ್ತದೆ: 4 ಹೋದಾಗ 6 ಮೊದಲ ಸ್ಥಾನಕ್ಕೆ ಸರಿದಿದೆ, ಲೂಪ್ ಎರಡನೆಯ ಸ್ಥಾನಕ್ಕೆ ಹೋಗಿದೆ. ಪಟ್ಟಿಯ ಪ್ರತಿಯ ಮೇಲೆ ಸುತ್ತಿದರೆ ಸರಿಹೋಗುತ್ತದೆ.

ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರಿಗೆ ಈ ಉಪಕರಣ ಇನ್ನೂ ಹೆಚ್ಚು ಬೇಕು. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಮ್ ಪ್ರತಿಯೊಂದು ಲ್ಯಾಬ್ ಪಟ್ಟಿಯಲ್ಲೂ ಇರುತ್ತದೆ. ಅದಕ್ಕೆ 'ಕಟಕ' ಕೊಟ್ಟರೆ ಹೌದು ಎನ್ನುತ್ತದೆ, 'ವಿಕಟಕವಿ' ಕೊಟ್ಟರೆ ಅಲ್ಲ ಎನ್ನುತ್ತದೆ. ಕೋಡಿನಲ್ಲಿ ತಪ್ಪಿಲ್ಲ. ಮೊದಲ ಮತ್ತು ಕೊನೆಯ ಅಕ್ಷರ ಹೋಲಿಸುವ ಸಾಲಿನೊಳಗೆ ಎಫ್7 ಒತ್ತಿ ಇಳಿದರೆ ಕಾರಣ ಎದುರಿಗೇ ಬರುತ್ತದೆ. ಎಡಗಡೆ ಬರೀ 'ವ', ಬಲಗಡೆ ಬರೀ ಗುಡಿಸು. ಯೂನಿಕೋಡ್‌ನಲ್ಲಿ 'ವಿ' ಎರಡು ಸಂಕೇತಗಳು, ಹಾಗಾಗಿ ನಮಗೆ 5 ಅಕ್ಷರವಾಗಿರುವ ಪದ ಪೈಥಾನ್‌ಗೆ 7. ಇದೇ ಕಾರಣಕ್ಕೆ 'ಕನ್ನಡ' ಪದದ ಉದ್ದ 3ರ ಬದಲು 5 ಎಂದು ಬರುತ್ತದೆ: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಪರಿಹಾರ ಸರಳ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ಕೆಟಗರಿ ಫಂಕ್ಷನ್ ಕೊಡುವ ಗುರುತು ಇಂಗ್ಲಿಷಿನ ಎಮ್ ಅಕ್ಷರದಿಂದ ಶುರುವಾದರೆ ಆ ಸಂಕೇತವನ್ನು ಹಿಂದಿನ ತುಂಡಿಗೆ ಅಂಟಿಸಿ. ಹಿಂದಿನ ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದಿದ್ದರೂ ಅಂಟಿಸಿ, ಇಲ್ಲದಿದ್ದರೆ ಒತ್ತಕ್ಷರ ಒಡೆದುಹೋಗುತ್ತದೆ. ಹೀಗೆ ಮಾಡಿದ ತುಂಡುಗಳ ಪಟ್ಟಿಯನ್ನು ತಿರುಗಿಸಿ ಹೋಲಿಸಿದರೆ ವಿಕಟಕವಿ ಪಾಸಾಗುತ್ತಾನೆ. ಪ್ರತಿ ಸುತ್ತಿನಲ್ಲಿ ಪಟ್ಟಿ ಬೆಳೆಯುವುದನ್ನು ವೇರಿಯೇಬಲ್ಸ್ ಫಲಕದಲ್ಲಿ ನೋಡುತ್ತಾ ಬರೆದರೆ ಈ ಕೋಡು ಅರ್ಧ ಗಂಟೆಯ ಕೆಲಸ.

ವೇರಿಯೇಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಲು ಪೈಥಾನ್ 3 ಬಿಡುತ್ತದೆ. ಆದರೆ ಹೆಸರಿನ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಬೇರ್ಪಡಿಕೆ ಚಿಹ್ನೆ ಸೇರಿದ್ದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಅಂಥ ಕಡೆ ಡಿಬಗ್ಗರ್ ಏನೂ ಮಾಡಲಾರದು, ಏಕೆಂದರೆ ಪ್ರೋಗ್ರಾಮ್ ಶುರುವೇ ಆಗಿರುವುದಿಲ್ಲ. ಹೆಸರನ್ನು ಅಳಿಸಿ ಆ ಚಿಹ್ನೆಯಿಲ್ಲದೆ ಹೊಸದಾಗಿ ಟೈಪ್ ಮಾಡುವುದೇ ದಾರಿ.

ಫಂಕ್ಷನ್ ಕರೆದಾಗ ಥಾನಿ ಅದಕ್ಕೊಂದು ಪ್ರತ್ಯೇಕ ಕಿಟಕಿ ತೆರೆಯುತ್ತದೆ; ಅದರಲ್ಲಿ ಆ ಕರೆಯ ಕೋಡು, ಆ ಕರೆಯದ್ದೇ ವೇರಿಯೇಬಲ್‌ಗಳು. ರಿಕರ್ಷನ್, ಅಂದರೆ ಫಂಕ್ಷನ್ ತನ್ನನ್ನೇ ತಾನು ಕರೆಯುವುದು, ಕಲಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. 4ರ ಫ್ಯಾಕ್ಟೋರಿಯಲ್‌ಗೆ ಕಿಟಕಿಗಳು ಒಂದರ ಮೇಲೊಂದು ಏರಿ, ಆಮೇಲೆ ಒಂದೊಂದಾಗಿ ಮುಚ್ಚುತ್ತಾ ಉತ್ತರವನ್ನು ಕೆಳಗಿನ ಕಿಟಕಿಗೆ ದಾಟಿಸುತ್ತವೆ. ನಿಲ್ಲುವ ಷರತ್ತು ಮರೆತಿದ್ದರೆ ಸಂಖ್ಯೆ 0 ದಾಟಿ ಋಣಕ್ಕೆ ಇಳಿಯುವುದು ಐದಾರು ಕಿಟಕಿಯೊಳಗೇ ತಿಳಿಯುತ್ತದೆ. ಪೈಥಾನ್‌ನ 1000 ಕರೆಗಳ ಮಿತಿ ಮುಟ್ಟುವವರೆಗೆ ಕಾಯಬೇಕಿಲ್ಲ. ರಿಟರ್ನ್ ಸಾಲನ್ನು ತಪ್ಪಿ ಲೂಪಿನೊಳಕ್ಕೆ ಸರಿಸಿದ್ದರೆ ಮೊದಲ ಸುತ್ತಿಗೇ ಕಿಟಕಿ ಮುಚ್ಚಿಹೋಗುತ್ತದೆ, ಆಗಲೇ ಇಂಡೆಂಟೇಷನ್ ಕಡೆ ನೋಡಿ.

ಒಂದು ಪಟ್ಟಿಯನ್ನು ಇನ್ನೊಂದು ಹೆಸರಿಗೆ ಕೊಟ್ಟು, ಒಂದನ್ನು ಬದಲಿಸಿದರೆ ಎರಡೂ ಬದಲಾಗುವುದು ಏಕೆ ಎಂಬ ಪ್ರಶ್ನೆಗೆ ವ್ಯೂ ಮೆನುವಿನ ಹೀಪ್, ಅಂದರೆ ಮೆಮೊರಿಯಲ್ಲಿರುವ ವಸ್ತುಗಳ ಪಟ್ಟಿ, ಉತ್ತರ ಕೊಡುತ್ತದೆ. ಅದನ್ನು ತೆರೆದರೆ ವೇರಿಯೇಬಲ್ಸ್ ಫಲಕದಲ್ಲಿ ಬೆಲೆಯ ಬದಲು ವಿಳಾಸ ಬರುತ್ತದೆ, ಎರಡು ಹೆಸರಿಗೂ ಒಂದೇ ವಿಳಾಸ. ಪ್ರತಿ ಬೇಕಿದ್ದರೆ ಕಾಪಿ ಮಾಡಬೇಕು. ಪಾಠ ಮುಗಿದ ಮೇಲೆ ಹೀಪ್ ಮುಚ್ಚಿಬಿಡಿ, ಸದಾ ತೆರೆದಿಟ್ಟರೆ ವಿಳಾಸಗಳ ನಡುವೆ ಬೆಲೆ ಹುಡುಕುವುದೇ ಕೆಲಸವಾಗುತ್ತದೆ.

ಕೊರತೆಗಳು ಸಣ್ಣವಲ್ಲ. ನೈಸರ್ ಎಂಬ ಹೆಸರಿನ ಈ ಬಿಡಿಸಿ ತೋರಿಸುವ ವಿಧಾನ ಪ್ರತಿಯೊಂದು ಲೆಕ್ಕವನ್ನೂ ಹಿಂಬಾಲಿಸುವುದರಿಂದ ನಿಧಾನ. ಲಕ್ಷ ಸಲ ತಿರುಗುವ ಲೂಪಿನ ಮೇಲೆ ಎಫ್6 ಒತ್ತಿದರೆ ಕಾಯುತ್ತಾ ಕೂರಬೇಕಾಗುತ್ತದೆ. ದತ್ತಾಂಶವನ್ನು ಐದಾರು ಸಾಲಿಗೆ ಇಳಿಸಿ ಪರೀಕ್ಷಿಸುವುದು ಒಳ್ಳೆಯದು. ಆಗದಿದ್ದರೆ ರನ್ ಮೆನುವಿನಲ್ಲಿ ಫಾಸ್ಟರ್ ವಿಧಾನ ಆರಿಸಿ, ಅದರಲ್ಲಿ ಸಾಲಿನ ಒಳಗೆ ಇಳಿಯಲಾಗದು, ಸಾಲಿನಿಂದ ಸಾಲಿಗಷ್ಟೇ ಹೋಗಬಹುದು. ಸಾಲಿನ ಸಂಖ್ಯೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬ್ರೇಕ್‌ಪಾಯಿಂಟ್ ಬೀಳುತ್ತದೆ, ಅಂದರೆ ಪ್ರೋಗ್ರಾಮ್ ಆ ಸಾಲಿಗೆ ಬಂದು ನಿಲ್ಲುತ್ತದೆ, ಆದರೆ ಅದಕ್ಕೆ ಷರತ್ತು ಹಾಕುವ ಸೌಲಭ್ಯವಿಲ್ಲ. 900ನೇ ಸುತ್ತಿನಲ್ಲಿ ಮಾತ್ರ ನಿಲ್ಲಬೇಕಿದ್ದರೆ ಕೋಡಿನಲ್ಲೇ ಒಂದು ಇಫ್ ಬರೆದು, ಒಳಗೆ ಪ್ರಿಂಟ್‌ನಂಥ ಒಂದು ಸಾಲಿಟ್ಟು, ಆ ಸಾಲಿಗೆ ಬ್ರೇಕ್‌ಪಾಯಿಂಟ್ ಹಾಕಬೇಕು. ಹಳೆಯ ಬ್ರೇಕ್‌ಪಾಯಿಂಟ್ ಒಂದು ಉಳಿದಿದ್ದರೆ ಡಿಬಗ್ಗರ್ ಮೊದಲ ಸಾಲಿನಲ್ಲಿ ನಿಲ್ಲದೆ ನೇರ ಅಲ್ಲಿಗೆ ಓಡುತ್ತದೆ, ಮೊದಲ ಸಾಲೇ ತಪ್ಪಿಹೋಯಿತೆಂದು ಹೊಸಬರು ಕಂಗಾಲಾಗುವುದು ಇದರಿಂದಲೇ.

ಪೈಕೋ, ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್ ಬೋರ್ಡುಗಳಿಗೆ ಮೈಕ್ರೋಪೈಥಾನ್ (ಅಂಥವಕ್ಕೆಂದೇ ಮಾಡಿದ ಚಿಕ್ಕ ಪೈಥಾನ್) ಬರೆಯಲು ಥಾನಿಯನ್ನೇ ಬಹಳ ಜನ ಬಳಸುತ್ತಾರೆ. ಬೋರ್ಡಿನ ಮೇಲೆ ಓಡುವ ಕೋಡಿಗೆ ಈ ಡಿಬಗ್ಗರ್ ದಕ್ಕುವುದಿಲ್ಲ. ಡಿಬಗ್ ಗುಂಡಿ ಮಸುಕಾಗಿದ್ದರೆ ಮೊದಲು ಕೆಳಗಿನ ಬಲ ಮೂಲೆ ನೋಡಿ, ಅಲ್ಲಿ ಯಾವ ಇಂಟರ್‌ಪ್ರಿಟರ್ ಆಯ್ಕೆಯಾಗಿದೆ, ಅಂದರೆ ಕೋಡನ್ನು ಯಾವ ಪೈಥಾನ್ ಓಡಿಸುತ್ತಿದೆ, ಎಂದಿರುತ್ತದೆ. ಲೆಕ್ಕಾಚಾರದ ಭಾಗವನ್ನು ಬೇರೆ ಫೈಲಿಗೆ ತೆಗೆದು ಲೋಕಲ್ ಪೈಥಾನ್‌ನಲ್ಲಿ ಪರೀಕ್ಷಿಸಿ, ಸೆನ್ಸರ್ ಮತ್ತು ಪಿನ್ನುಗಳ ಭಾಗಕ್ಕೆ ಪ್ರಿಂಟ್ ಬಳಸಿ. ಸಂಖ್ಯಾ ಲೆಕ್ಕಗಳ ಲೈಬ್ರರಿ ನಂಪೈ ಹಾಕಿದ್ದರೂ ಮಾಡ್ಯೂಲ್ ಸಿಗಲಿಲ್ಲ ಎಂಬ ದೂರಿಗೂ ಕಾರಣ ಇದೇ ಮೂಲೆಯಲ್ಲಿದೆ: ನಂಪೈ ಇರುವುದು ಬೇರೆ ಪೈಥಾನ್‌ನಲ್ಲಿ, ಥಾನಿ ಓಡಿಸುತ್ತಿರುವುದು ತನ್ನದೇ ಪೈಥಾನ್. ಟೂಲ್ಸ್ ಮೆನುವಿನ ಮ್ಯಾನೇಜ್ ಪ್ಯಾಕೇಜಸ್‌ನಿಂದ ಹಾಕಿಕೊಳ್ಳಿ.

ಪೈಥಾನ್ ಜೊತೆಗೇ ಬರುವ ಎಡಿಟರ್ ಐಡಲ್‌ನಲ್ಲೂ ಡಿಬಗ್ಗರ್ ಇದೆ. ಶೆಲ್ ಕಿಟಕಿಯಲ್ಲಿ ಮೊದಲು ಅದನ್ನು ಆನ್ ಮಾಡಿ ಆಮೇಲೆ ಎಫ್5 ಒತ್ತಬೇಕು. ಪ್ರಿಂಟ್ ಇರುವ ಸಾಲಿನಲ್ಲಿ ಸ್ಟೆಪ್ ಒತ್ತಿದರೆ ಐಡಲ್‌ನ ಸ್ವಂತ ಕೋಡಿನೊಳಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತೀರಿ. ಹೊಸಬರಿಗೆ ಅದನ್ನು ಶಿಫಾರಸು ಮಾಡಲಾಗದು. ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್ ಬಲಶಾಲಿ, ಷರತ್ತಿನ ಬ್ರೇಕ್‌ಪಾಯಿಂಟ್, ಬೇಕಾದ ಬೆಲೆಯ ಮೇಲೆ ಕಣ್ಣಿಡುವ ವಾಚ್ ಎಲ್ಲವೂ ಇವೆ, ಆದರೆ ಒಂದು ಸಾಲಿನ ಲೆಕ್ಕವನ್ನು ಬಿಡಿಸಿ ತೋರಿಸುವುದಿಲ್ಲ. ಮೊದಲ ಮೂರು ನಾಲ್ಕು ತಿಂಗಳು, ಪ್ರೋಗ್ರಾಮ್ ನೂರಿನ್ನೂರು ಸಾಲಿನೊಳಗೆ ಇರುವವರೆಗೆ, ಥಾನಿಯೇ ಸರಿಯಾದ ಆಯ್ಕೆ. ಹಲವು ಫೈಲುಗಳ ಪ್ರಾಜೆಕ್ಟ್ ಶುರುವಾದಾಗ ವಿಎಸ್ ಕೋಡ್‌ಗೆ ದಾಟಿ. ಕೀಲಿಗಳು ಮಾತ್ರ ಬದಲು: ಎಫ್6 ಮಾಡುತ್ತಿದ್ದುದನ್ನು ಅಲ್ಲಿ ಎಫ್10 ಮಾಡುತ್ತದೆ, ಎಫ್7ರ ಜಾಗಕ್ಕೆ ಎಫ್11, ಎಫ್8ರ ಜಾಗಕ್ಕೆ ಎಫ್5, ಬ್ರೇಕ್‌ಪಾಯಿಂಟ್‌ಗೆ ಎಫ್9.