ಗೋಡೆಯ ಜಿರಾಫೆಯೂ ನನ್ನ ಟೇಪೂ: ರಜೆಯ ದಿನದ ವಾಟರ್ ಪಾರ್ಕ್

ಪಾರ್ಕಿನ ಹೆಸರು ಬರೆಯುವುದಿಲ್ಲ. ಮಾಲೀಕರ ಮನೆಯ ಹೆಂಗಸರ ರವಿಕೆಗಳು ನನ್ನಲ್ಲಿಗೇ ಬರುತ್ತವೆ, ಅವರ ಮನೆಯ ಒಂದು ಮದುವೆಯ ಕೆಲಸ ಇನ್ನೂ ನನ್ನ ಕೈಯಲ್ಲಿದೆ. ದಾವಣಗೆರೆಯಿಂದ ಬೆಳಿಗ್ಗೆ ಹೊರಟರೆ ತಿಂದ ತಿಂಡಿ ಅರಗುವ ಮೊದಲೇ ತಲುಪುವಷ್ಟು ದೂರ ಎಂದರೆ ಸಾಕು. ಹೆಸರು ತಿಳಿಯದಿದ್ದರೂ ನಷ್ಟವಿಲ್ಲ. ನಾನು ಹೇಳುವ ಸಂಗತಿಗಳಲ್ಲಿ ಮುಕ್ಕಾಲು ಪಾಲು, ಸಣ್ಣ ಮಗುವನ್ನು ಕರೆದುಕೊಂಡು ಯಾವ ವಾಟರ್ ಪಾರ್ಕಿಗೆ ಹೋದರೂ ಎದುರಾಗುವಂಥವೇ.

ನಾನು ದರ್ಜಿ. ಚೌಕಿಪೇಟೆಯಿಂದ ಬಟ್ಟೆ ತಂದು ನಿಟುವಳ್ಳಿಯ ಮನೆಯ ಮುಂಗೋಣೆಯಲ್ಲಿ ಹೊಲಿಯುತ್ತೇನೆ. ಶಾಲಾ ಸಮವಸ್ತ್ರದ ಕೆಲಸವೇ ಹೆಚ್ಚು. ಹೀಗಾಗಿ ಎಲ್ಲಿಗೆ ಹೋದರೂ ಟೇಪು ಚೀಲದಲ್ಲಿರುತ್ತದೆ, ಕಣ್ಣು ಅಳತೆಯ ಮೇಲೆಯೇ ಬೀಳುತ್ತದೆ. ದೊಡ್ಡ ಜಾರುಬಂಡೆಗಳು ಹೇಗಿವೆ, ಯಾವುದರಲ್ಲಿ ಹೊಟ್ಟೆ ಬಾಯಿಗೆ ಬರುತ್ತದೆ ಎಂದು ತಿಳಿಯಬೇಕಾದವರು ಬೇರೆ ಯಾರನ್ನಾದರೂ ಕೇಳಬೇಕು. ನಾನು ಹೋದದ್ದು ಎರಡೂವರೆ ವರ್ಷದ ಮೊಮ್ಮಗಳ ಜೊತೆ.

ದಿನವನ್ನು ಆರಿಸಿದವನು ಅಳಿಯ. 2025ರಲ್ಲಿ ಬಸವ ಜಯಂತಿ ಏಪ್ರಿಲ್ 30ಕ್ಕೆ ಬಂದಿತ್ತು, ಮರುದಿನವೇ ಕಾರ್ಮಿಕರ ದಿನ. ಎರಡು ರಜೆಗಳು ಜೋಡಿಯಾಗಿ ಸಿಕ್ಕರೆ ಬೆಂಗಳೂರಿನ ಮಕ್ಕಳು ಊರಿಗೆ ಬರುತ್ತಾರೆ, ಊರಿನವರು ಅವರನ್ನು ಕಟ್ಟಿಕೊಂಡು ಊರಾಚೆ ಹೊರಡುತ್ತಾರೆ. ಶಾಲೆಗಳಿಗಂತೂ ಬೇಸಿಗೆ ರಜೆ. ಮೇ 1ರ ಬೆಳಿಗ್ಗೆ ನಾವು ತಲುಪುವ ಹೊತ್ತಿಗೆ ಹರಿಹರ, ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಎಲ್ಲ ಕಡೆಯ ಗಾಡಿಗಳೂ ಅಲ್ಲಿ ನಿಂತಿದ್ದವು. ಕಾರ್ಮಿಕರ ದಿನಕ್ಕೆ ರಜೆ ಸಿಗದಿದ್ದವರು ಕೊಳದ ಬದಿಯಲ್ಲಿ ಸೀಟಿ ಊದುತ್ತಿದ್ದ ಹುಡುಗರು ಮಾತ್ರ.

ಟಿಕೆಟ್ ಕಿಟಕಿಯ ಪಕ್ಕದ ಗೋಡೆಯಲ್ಲಿ ಹಳದಿ ಜಿರಾಫೆಯೊಂದನ್ನು ಬರೆದಿದ್ದಾರೆ. ಅದರ ಕಾಲಿನಿಂದ ಕತ್ತಿನವರೆಗೆ ಸೆಂಟಿಮೀಟರ್ ಗೆರೆಗಳು. 90ರ ಕೆಳಗಿದ್ದರೆ ಉಚಿತ, 140ರವರೆಗೆ ಮಕ್ಕಳ ದರ, ಅದರ ಮೇಲೆ ಪೂರ್ತಿ ದರ. ವಯಸ್ಸು ಕೇಳುವ ಬದಲು ಎತ್ತರ ನೋಡುವುದು ಒಳ್ಳೆಯ ಪದ್ಧತಿಯೇ. ಮಕ್ಕಳ ವಯಸ್ಸಿನ ವಿಷಯದಲ್ಲಿ ನಮ್ಮ ಜನ ಎಷ್ಟು ನಿಜ ಹೇಳುತ್ತಾರೆ ಎಂಬುದನ್ನು ಯಾವ ಬಸ್ ಕಂಡಕ್ಟರನ್ನು ಕೇಳಿದರೂ ತಿಳಿಯುತ್ತದೆ.

ಪುಟ್ಟಿಯನ್ನು ನಿಲ್ಲಿಸಿದಾಗ ತಲೆ 91ಕ್ಕೆ ಮುಟ್ಟಿತು. ಹಿಂದಿನ ದಿನ ಉಡುಪು ಹೊಲಿಯಲೆಂದು ಬಾಗಿಲ ಚೌಕಟ್ಟಿಗೆ ಒರಗಿಸಿ ಅಳೆದಾಗ 89 ಇತ್ತು. ಒಂದೇ ರಾತ್ರಿಯಲ್ಲಿ ಎರಡು ಸೆಂಟಿಮೀಟರ್ ಬೆಳೆಯುವವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಟೇಪು ತೆಗೆದು ಗೋಡೆಗೆ ಹಿಡಿದೆ. ಜಿರಾಫೆ ಬರೆದ ಮೇಲೆ ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ್ದಾರೆ. ನೆಲ ಮೇಲೆದ್ದಿದೆ, ಜಿರಾಫೆ ಇದ್ದಲ್ಲೇ ಇದೆ, ಅದರ ಗೊರಸುಗಳು ಟೈಲ್ಸಿನ ಕೆಳಗೆ ಹೂತುಹೋಗಿವೆ. ಇದನ್ನು ಕಿಟಕಿಯ ಹುಡುಗನಿಗೆ ತೋರಿಸಿದರೆ ಅವನು ಟೇಪನ್ನು ನೋಡಿದ, ಜಿರಾಫೆಯನ್ನು ನೋಡಿದ, "ಗೋಡೆಯಲ್ಲಿ ಇರುವುದೇ ಲೆಕ್ಕ ಅಮ್ಮಾ" ಎಂದ. ಮೇಲ್ವಿಚಾರಕರನ್ನು ಕರೆಯಿರಿ ಎಂದು ಹೇಳುವಷ್ಟರಲ್ಲಿ ಅಳಿಯ ಮೊಬೈಲ್ ತೆಗೆದು ಹಣ ಕಳುಹಿಸಿಯೇ ಬಿಟ್ಟ. ಹಿಂದಿನ ಸಾಲಿನವರ ಗೊಣಗಾಟಕ್ಕೆ ಅವನು ಹೆದರುತ್ತಾನೆ. ನಾನು ಹೆದರುವುದಿಲ್ಲ, ಆದರೆ ಹಣ ಅವನದು.

ಈ 90ರ ಗೆರೆಯ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋಗುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಹೆಣ್ಣುಮಗುವಿನ ನಡುಮಟ್ಟದ ಎತ್ತರ ಎರಡು ವರ್ಷಕ್ಕೆ ಸುಮಾರು 86 ಸೆಂಟಿಮೀಟರ್, ಮೂರಕ್ಕೆ ಸುಮಾರು 95. ಅಂದರೆ ಗೆರೆ ಬೀಳುವುದು ಸರಿಯಾಗಿ ಎರಡೂವರೆಯ ಆಸುಪಾಸಿನಲ್ಲಿ. ಒಳಗಿನ ಹೆಚ್ಚಿನ ಆಟಗಳಿಗೆ 120 ಬೇಕು, ದೊಡ್ಡವಕ್ಕೆ 140. ಅದೇ ಪಟ್ಟಿಯ ಪ್ರಕಾರ 120 ಆಗುವುದು ಏಳನೆಯ ವರ್ಷದ ಹೊತ್ತಿಗೆ. ನಮ್ಮ ಪುಟ್ಟಿ ಹಣ ಕೊಡಲು ದೊಡ್ಡವಳು, ಆಡಲು ಚಿಕ್ಕವಳು. ಮೂರರಿಂದ ಆರು ವರ್ಷದ ಮಕ್ಕಳೆಲ್ಲರ ಪಾಡೂ ಇದೇ. ಗಡಿಯಲ್ಲಿರುವ ಮಗುವಾದರೆ ಚಪ್ಪಲಿ ಬಿಚ್ಚಿಸಿ, ಜುಟ್ಟು ಬಿಚ್ಚಿಸಿ ನಿಲ್ಲಿಸಿ. ನಡುನೆತ್ತಿಯ ಜುಟ್ಟು ಮೂರು ಸೆಂಟಿಮೀಟರ್ ಮೋಸ ಮಾಡುತ್ತದೆ.

ಒಳಗೆ ಹೋದ ಮೇಲೆ ತಿಳಿಯಿತು, ಅಲ್ಲಿ ಮಗುವನ್ನು ಅಳೆಯುವುದು ಟಿಕೆಟ್ ಕೊಡುವಾಗ ಮಾತ್ರ. ಕೊಳಕ್ಕೆ ಇಳಿಯುವ ಮೆಟ್ಟಿಲು ಪುಟ್ಟಿಯ ಮೊಣಕಾಲಿನ ಮಟ್ಟಕ್ಕಿದೆ. ಕಾಲು ತೊಳೆಯುವ ನಲ್ಲಿ ಅವಳ ತಲೆಯ ಮೇಲಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಗುವನ್ನು ಮಲಗಿಸಲು ಒಂದು ಕಟ್ಟೆಯಿಲ್ಲ. ತಾಯಂದಿರು ಒದ್ದೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ತೊಡೆಯ ಮೇಲೆಯೇ ಎಲ್ಲವನ್ನೂ ಮುಗಿಸುತ್ತಿದ್ದರು. ಮಕ್ಕಳ ಶುಲ್ಕವನ್ನು ಅಷ್ಟು ಕಟ್ಟುನಿಟ್ಟಾಗಿ ವಸೂಲು ಮಾಡುವವರು ಒಂದು ಹಲಗೆಯನ್ನಾದರೂ ಹೊಡೆಸಬಹುದಿತ್ತು.

ಇನ್ನು ಬಟ್ಟೆಯ ವಿಷಯ. ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಲಾರೆ.

ಹತ್ತಿ ಬಟ್ಟೆಯಲ್ಲಿ ಕೊಳಕ್ಕೆ ಬಿಡುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು. ಈ ನಿಯಮವನ್ನು ಅಲ್ಲಿ ಬಹಳ ಜನ ಬೈಯುತ್ತಿದ್ದರು, ಬಾಡಿಗೆ ವಸೂಲಿಯ ಉಪಾಯ ಎಂದರು. ನಿಯಮದಲ್ಲಿ ತಪ್ಪಿಲ್ಲ. ಹತ್ತಿಯ ನೂಲು ಎಳೆ ಬಿಡುತ್ತದೆ, ಆ ಎಳೆಗಳು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತವೆ. ಹತ್ತಿ ನೀರು ಕುಡಿದು ಭಾರವಾಗಿ ಮೈಯನ್ನೂ ಕೆಳಗೆ ಎಳೆಯುತ್ತದೆ. ಮಿಲ್ಲುಗಳಿಂದ ಹೆಸರು ಪಡೆದ ಊರಿನವರು ನಾವು, ಹತ್ತಿಯ ಗುಣ ಯಾರೂ ಹೇಳಿಕೊಡಬೇಕಾಗಿಲ್ಲ. ಸೀರೆ ಉಟ್ಟವರನ್ನು ಕೊಳಕ್ಕೆ ಬಿಡದಿರುವುದಕ್ಕೂ ಇದೇ ಕಾರಣ, ಜೊತೆಗೆ ಸೆರಗು ಕಾಲಿಗೆ ಸುತ್ತಿಕೊಳ್ಳುವ ಭಯ. ಹೀಗಾಗಿ ನೆರಳುಬಲೆಯ ಕೆಳಗಿನ ಕಲ್ಲುಬೆಂಚಿನ ಮೇಲೆ ಅಜ್ಜಿಯರ ಒಂದು ಸಾಲು ಕುಳಿತಿತ್ತು. ಪ್ರತಿಯೊಬ್ಬರ ಮುಂದೆ ಒಂದು ಕುಟುಂಬದ ಚಪ್ಪಲಿಗಳು, ಮಡಿಲಲ್ಲಿ ನಾಲ್ಕು ಮೊಬೈಲುಗಳು. ಟಿಕೆಟ್ ಮಾತ್ರ ಅವರಿಗೂ ಪೂರ್ತಿ ದರದ್ದೇ. ನೋಡಲು ಬಂದವರಿಗೆ ಬೇರೆ ದರ ಇಡುವಷ್ಟು ಔದಾರ್ಯ ಈ ಪಾರ್ಕಿಗಿಲ್ಲ.

ನಿಯಮ ಸರಿ, ಬಾಡಿಗೆಯ ಬಟ್ಟೆ ಸರಿಯಿಲ್ಲ. ಮಕ್ಕಳ ಉಡುಪೆಲ್ಲ ಒಂದೇ ನೀಲಿ. ಅತಿ ಚಿಕ್ಕ ಅಳತೆಯದೂ ನಾಲ್ಕು ವರ್ಷದ ಮಗುವಿನದು. ಹಿಗ್ಗುವ ಬಟ್ಟೆಯೊಳಗಿನ ಲೈಕ್ರಾ ಎಳೆ ಕ್ಲೋರಿನ್ ನೀರಿಗೆ ಬಹಳ ದಿನ ತಡೆಯುವುದಿಲ್ಲ. ದಿನವೂ ನೆನೆದು ಒಣಗಿದ ಆ ಉಡುಪುಗಳ ತೋಳು, ತೊಡೆ ಎಲ್ಲವೂ ಜೋತು ಬಿದ್ದಿದ್ದವು. ಸುಮಾರು ಮೂರು ವರ್ಷದ ಹುಡುಗನೊಬ್ಬ ಇಡೀ ಬೆಳಿಗ್ಗೆ ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಆಡಿದ.

ಅದಕ್ಕಿಂತ ದೊಡ್ಡ ದೋಷ ಬಣ್ಣದ್ದು. ಕೊಳದ ತಳವೂ ನೀಲಿ, ಉಡುಪೂ ನೀಲಿ. ನೀಲಿ ಮತ್ತು ಬಿಳಿ ನೀರಿನೊಳಗೆ ಕಣ್ಣಿಗೆ ಸಿಗುವುದಿಲ್ಲ, ಕಾವಲಿನ ಹುಡುಗ ಎಷ್ಟೇ ಚುರುಕಾಗಿದ್ದರೂ ಅಷ್ಟೇ. ಹೊಳೆಯುವ ಕಿತ್ತಳೆ, ಕಡು ಗುಲಾಬಿ ಬಣ್ಣಗಳು ಕಾಣುತ್ತವೆ. ಸಣ್ಣ ಮಗು ಮುಳುಗುವಾಗ ಕೂಗುವುದಿಲ್ಲ, ಕೈಕಾಲು ಬಡಿಯುವುದೂ ಕಡಿಮೆ. ಮೊಣಕಾಲುದ್ದದ ನೀರೂ ಸಾಕು. ಪುಟ್ಟಿಗೆ ನಾನು ಕಿತ್ತಳೆ ಬಣ್ಣದ ಪಾಲಿಯೆಸ್ಟರ್ ಉಡುಪು ಹೊಲಿದಿದ್ದೆ, ಕೊರಳಪಟ್ಟಿಯ ಒಳಬದಿಯಲ್ಲಿ ಮಗಳ ಮೊಬೈಲ್ ಸಂಖ್ಯೆಯನ್ನು ದಾರದಲ್ಲಿ ಕಸೂತಿ ಮಾಡಿದ್ದೆ. ಅತಿಯಾಯಿತು ಎಂದು ಅಳಿಯ ನಕ್ಕಿದ್ದ. ಮಧ್ಯಾಹ್ನದ ಹೊತ್ತಿಗೆ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: ಮಗುವೊಂದು ಕಾಣೆಯಾಗಿದೆ, ನೀಲಿ ಉಡುಪು ಧರಿಸಿದೆ. ಕೊಳದ ಸುತ್ತಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಎತ್ತ ನೋಡಿದರೂ ನೀಲಿ ಉಡುಪು. ಆ ಮಗು ಐಸ್ ಕ್ರೀಮ್ ಅಂಗಡಿಯ ಮುಂದೆ ಸಿಕ್ಕಿತು, ಯಾರದೋ ಐಸ್ ಕ್ರೀಮ್ ತಿನ್ನುತ್ತಿತ್ತು. ಅಳಿಯ ಆಮೇಲೆ ನಗಲಿಲ್ಲ.

ಡೈಪರ್ ಹಾಕಿಕೊಂಡೇ ಮಗುವನ್ನು ನೀರಿಗಿಳಿಸುವವರು ಬಹಳ. ಅದರೊಳಗಿನ ಪುಡಿ ತನ್ನ ತೂಕದ ನೂರಾರು ಪಟ್ಟು ನೀರು ಹೀರುತ್ತದೆ. ಐದು ನಿಮಿಷದಲ್ಲಿ ಮಗು ನಡೆಯಲಾರದಷ್ಟು ಉಬ್ಬಿ, ಬಿರಿದು, ಒಳಗಿನ ಲೋಳೆಯೆಲ್ಲ ಕೊಳಕ್ಕೆ ಸೇರುತ್ತದೆ. ನೀರಿಗೆಂದೇ ಮಾಡಿದ ಡೈಪರ್ ಬೇರೆ ಸಿಗುತ್ತದೆ. ಅದು ಮೂತ್ರವನ್ನು ತಡೆಯುವುದಿಲ್ಲ, ಗಟ್ಟಿಯಾದದ್ದನ್ನು ಮಾತ್ರ ತಡೆಯುತ್ತದೆ. ಮೂತ್ರದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮಧ್ಯಾಹ್ನದ ಮೇಲೆ ಮಕ್ಕಳ ಕೊಳದ ಬಳಿ ಕಣ್ಣುರಿಯುವಂಥ ಘಾಟು ಎದ್ದಿತು. ಪಕ್ಕದವರೊಬ್ಬರು, ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ, ನೀರು ಶುದ್ಧವಾಗಿದೆ ಎಂದು ಸಮಾಧಾನಪಟ್ಟರು. ನನ್ನ ಮಗಳು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು, ಸುಮ್ಮನಿರಲಿಲ್ಲ. ಆ ಘಾಟು ಕ್ಲೋರಿನ್ನಿನದಲ್ಲವಂತೆ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿದಾಗ ಹುಟ್ಟುವ ಕ್ಲೋರಮೈನ್ ಎಂಬುದರದಂತೆ. ಘಾಟು ಜಾಸ್ತಿಯಾದಷ್ಟೂ ನೀರು ಜನರಿಂದ ಸೋತಿದೆ ಎಂದು ಲೆಕ್ಕ. ಅವರು ಮಕ್ಕಳನ್ನು ತಕ್ಷಣ ಮೇಲಕ್ಕೆ ಎತ್ತಿಕೊಂಡರು. ನಾವೂ ಎತ್ತಿಕೊಂಡೆವು.

ಬೆಳಗಿನ ಮೊದಲ ಒಂದು ಗಂಟೆ ಮಾತ್ರ ಹಣಕ್ಕೆ ಮೋಸವಿರಲಿಲ್ಲ. ಮಕ್ಕಳ ಕೊಳ ಪುಟ್ಟಿಯ ಮೊಣಕಾಲಿಗಿಂತ ಸ್ವಲ್ಪ ಮೇಲೆ, ತಳಕ್ಕೆ ಮೆತ್ತನೆಯ ರಬ್ಬರ್ ಹಾಸು, ನಡುವೆ ಅಣಬೆಯಾಕಾರದ ಕಾರಂಜಿ. ಅಣಬೆಯ ಅಂಚಿನಿಂದ ಬೀಳುವ ನೀರಿನ ಪರದೆಯ ಒಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಒಳಗೆ ಹೋಗುವುದು. ಅವಳಿಗೆ ಬೇರೆ ಯಾವ ಆಟವೂ ಬೇಕಿರಲಿಲ್ಲ. ಹೊರಗೆ ಬಿಸಿಲು ಕಾದಿದ್ದರೂ ಸಣ್ಣ ಮಕ್ಕಳ ಮೈ ನೀರಿನಲ್ಲಿ ಬೇಗ ತಣ್ಣಗಾಗುತ್ತದೆ, ತುಟಿ ಕಪ್ಪಿಟ್ಟ ಕೂಡಲೇ ಎತ್ತಿ ಒರೆಸಬೇಕು. ದಪ್ಪ ಟವೆಲ್ ಎರಡಿರಲಿ.

ಪುಟಾಣಿ ರೈಲಿಗೂ ಪೂರ್ತಿ ಅಂಕ. ಅದನ್ನು ಓಡಿಸುವ ಹಿರಿಯರು ಪ್ರತಿ ಸುತ್ತಿನಲ್ಲಿ ಒಂದು ಮಗುವಿಗೆ ಗಂಟೆ ಬಾರಿಸಲು ಕೊಡುತ್ತಾರೆ. ಯಾರ ಸರದಿ ಎಂಬುದನ್ನು ಅವರು ಮರೆಯುವುದಿಲ್ಲ, ದೊಡ್ಡವರು ಶಿಫಾರಸು ಮಾಡಿದರೆ ಕಿವಿಗೆ ಹಾಕಿಕೊಳ್ಳುವುದೂ ಇಲ್ಲ. ಅಲೆಯ ಕೊಳದ ಕಡೆಗೆ ಮಾತ್ರ ಸಣ್ಣ ಮಕ್ಕಳನ್ನು ಕರೆದೊಯ್ಯಲೇಬೇಡಿ. ಸೈರನ್ ಆಗುತ್ತಿದ್ದಂತೆ ಜನ ಎಲ್ಲ ಕಡೆಯಿಂದ ನುಗ್ಗುತ್ತಾರೆ, ಅವರಿಗೆ ಕಾಲಬುಡದಲ್ಲಿ ಇರುವುದು ಕಾಣಿಸುವುದಿಲ್ಲ.

ಊಟ: ಹೊರಗಿನ ತಿಂಡಿಗೆ ಬಿಡುವುದಿಲ್ಲ, ಮಗುವಿನ ಆಹಾರಕ್ಕೆ ಬಿಡುತ್ತಾರೆ. ಕಾವಲುಗಾರ ರಾಗಿ ಮಣ್ಣಿಯ ಡಬ್ಬಿ ತೆಗೆದು ಮೂಸಿ ನೋಡಿದ. ಒಳಗೆ ಮೊಸರನ್ನ ಪರವಾಗಿಲ್ಲ, ಉಳಿದದ್ದು ಆರಿದ್ದು. ದಾವಣಗೆರೆಯ ಮಂದಿ ಅಲ್ಲಿನ ದೋಸೆ ತಿನ್ನುವ ಸಾಹಸ ಮಾಡಬೇಡಿ. ಸಂಜೆ ಊರಿಗೆ ಬಂದು ಬೆಣ್ಣೆ ದೋಸೆ ತಿಂದರಾಯಿತು, ಮಗುವಿಗೆ ಖಾರವಿಲ್ಲದ ಆಲೂಗಡ್ಡೆ ಪಲ್ಯ ಸಾಕು.

ಐದಕ್ಕೆ ಎರಡೂವರೆ ಕೊಡುತ್ತೇನೆ. ಅದರಲ್ಲಿ ಒಂದು ರೈಲಿನ ಹಿರಿಯರದು, ಒಂದು ಅಣಬೆ ಕಾರಂಜಿಯದು, ಅರ್ಧ ಸೀಟಿಯ ಹುಡುಗರದು. ಮೂರು ವರ್ಷದೊಳಗಿನ ಮಕ್ಕಳಿರುವವರು ರಜೆಯ ದಿನ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಊಟಕ್ಕೆ ಮೊದಲೇ ಹೊರಟುಬಿಡಿ. ಉಡುಪು ಹೊಲಿಸಬೇಕೆನ್ನುವವರು ಏಪ್ರಿಲ್‌ನಲ್ಲೇ ಬನ್ನಿ, ಮಗುವನ್ನೂ ಕರೆತನ್ನಿ, ಫೋನಿನಲ್ಲಿ ಹೇಳಿದ ಅಳತೆಗೆ ನಾನು ಕತ್ತರಿ ಹಾಕುವುದಿಲ್ಲ. ಮೇ ನಡುವಿನಿಂದ ಸಮವಸ್ತ್ರದ ಕೆಲಸ ಶುರು, ಆಗ ಯಾರು ಬಂದರೂ ಜುಲೈ ಎಂದೇ ಹೇಳುತ್ತೇನೆ. ಬಣ್ಣ ಕಿತ್ತಳೆ ಅಥವಾ ಗುಲಾಬಿ. ನೀಲಿ ಕೇಳಬೇಡಿ.