ಜೆಎಲ್‌ಪಿಟಿ ಬರೆಯುವವರೇ, ‘ನಂಬರ್ 2’ ಅಂದರೆ 2ಎಚ್ ಅಲ್ಲ, 2ಬಿಯೂ ಅಲ್ಲ

ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಯಾದ ಜೆಎಲ್‌ಪಿಟಿಯ ಉತ್ತರ ಪತ್ರಿಕೆಯ ಮೇಲೇ ಅಚ್ಚಾಗಿರುತ್ತದೆ: ಕಪ್ಪು ಪೆನ್ಸಿಲ್, ಎಚ್‌ಬಿ ಅಥವಾ ನಂ. 2, ಪೆನ್ನು ಬೇಡ. ಆ ‘2’ ನೋಡಿಕೊಂಡು ಅಂಗಡಿಯಲ್ಲಿ ‘ಟೂ ನಂಬರ್ ಪೆನ್ಸಿಲ್ ಕೊಡಿ’ ಅಂದರೆ ಡ್ರಾಯಿಂಗ್ ಪೆನ್ಸಿಲ್ ಡಬ್ಬಿಯಿಂದ 2ಎಚ್ ಕೈಗೆ ಬಂದರೂ ಬಂದೀತು.

ಇದರ ಮೊದಲ ಹಂತವಾದ ಎನ್5 ಬರೆದ ಅಭ್ಯರ್ಥಿಯೊಬ್ಬರು ಕೆಟ್ಟದ್ದು ಹೀಗೆಯೇ. 2ಎಚ್‌ನಲ್ಲಿ ಎಷ್ಟು ತಿದ್ದಿದರೂ ಉತ್ತರ ಗುರುತಿಸುವ ಗೋಲ ಬೂದು ಬಣ್ಣ. ಕಪ್ಪಾಗಲೆಂದು ಒತ್ತಿದರೆ ಕಾಗದದಲ್ಲಿ ಕುಳಿ. ಉತ್ತರ ಬದಲಿಸಲು ಉಜ್ಜಿದಾಗ ರಬ್ಬರ್ ಕುಳಿಯ ತಳ ಮುಟ್ಟಲಿಲ್ಲ. ಹಳೆಯ ಗುರುತು ಮಿನುಗುತ್ತ ಉಳಿಯಿತು, ಸುತ್ತ ಕಾಗದದ ನಾರು ಎದ್ದಿತು. ಆಲಿಸುವ ಭಾಗದಲ್ಲಿ ಮೊನೆ ಮುರಿಯಿತು. ಮೆಂಡರ್ ಇದ್ದದ್ದು ಬ್ಯಾಗಿನಲ್ಲಿ, ಬ್ಯಾಗು ಇದ್ದದ್ದು ಕೊಠಡಿಯ ಮುಂದೆ. ಆಡಿಯೊ ಯಾರಿಗೂ ಕಾಯುವುದಿಲ್ಲ, ಮತ್ತೆ ಕೇಳಿಸುವುದೂ ಇಲ್ಲ.

ಪೆನ್ಸಿಲಿನ ಕಡ್ಡಿಗೆ ನಾವು ಸೀಸ ಅನ್ನುತ್ತೇವೆ, ಅದರಲ್ಲಿ ಸೀಸವೇ ಇಲ್ಲ; ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗುರುತು ತೆಳು: ಅದು ಎಚ್ ಸಾಲು. ಗ್ರಾಫೈಟ್ ಹೆಚ್ಚಿದರೆ ಮೆತ್ತಗೆ, ಕಪ್ಪು: ಅದು ಬಿ ಸಾಲು. ಎರಡರ ನಡುವಿನದು ಎಚ್‌ಬಿ. ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ನಂ. 1 ಅಂದರೆ ಬಿ, ನಂ. 2 ಅಂದರೆ ಎಚ್‌ಬಿ, ನಂ. 3 ಅಂದರೆ ಎಚ್. 2ಎಚ್ ಬೇಕಿದ್ದರೆ ನಂ. 4 ಕೇಳಬೇಕು!

‘ಸಿಂಗಾಪುರದಲ್ಲಿ 2ಬಿ ತರಲು ಹೇಳುತ್ತಾರಲ್ಲ’ ಎನ್ನುವವರಿದ್ದಾರೆ. ಹೌದು, ಅಲ್ಲಿನ ಶಾಲಾ ಪರೀಕ್ಷೆಗಳ ಹಾಳೆಗೆ ಅದೇ ನಿಯಮ. ಇಲ್ಲಿ ಹಾಳೆ ಕೇಳುವುದು ಎಚ್‌ಬಿ. ಮೆತ್ತನೆಯ ಕಡ್ಡಿಯ ಪುಡಿ ಬೆವರಿದ ಅಂಗೈಗೆ ಅಂಟಿ ಪಕ್ಕದ ಗೋಲಗಳ ಮೇಲೆ ಬಳಿದುಕೊಳ್ಳುತ್ತದೆ. ಹಾಳೆ ಓದುವ ಯಂತ್ರ ನೋಡುವುದು ಕಪ್ಪನ್ನು ಮಾತ್ರ, ನಿಮ್ಮ ಮನಸ್ಸಿನಲ್ಲಿದ್ದ ಉತ್ತರವನ್ನಲ್ಲ. ಬರೀ ‘ಎಕ್ಸ್‌ಟ್ರಾ ಡಾರ್ಕ್’ ಎಂದಿದ್ದು ಗ್ರೇಡ್ ಇಲ್ಲದ ಪೆನ್ಸಿಲ್ಲನ್ನೂ ಬಿಟ್ಟುಬಿಡಿ. ಮರದ ಮೇಲೆ ಎಚ್‌ಬಿ ಅಂತ ಕಂಡರಷ್ಟೇ ಕೊಳ್ಳಿ.

ಮೂರು ಪೆನ್ಸಿಲ್ ಸಾಕು, ಹಿಂದಿನ ರಾತ್ರಿಯೇ ಹೆರೆದಿಡಿ. ಪರೀಕ್ಷೆ ಭಾನುವಾರ, ಬೆಳಿಗ್ಗೆ ಅಂಗಡಿ ತೆರೆದಿರುತ್ತದೆಂದು ನಂಬಬೇಡಿ. ಸೂಜಿಯಂಥ ಮೊನೆ ಗೋಲ ತುಂಬಲು ತಡ, ಮುರಿಯಲು ಬೇಗ. ಹೆರೆದ ಮೇಲೆ ರಫ್ ಹಾಳೆಯಲ್ಲಿ ಓರೆಯಾಗಿ ನಾಲ್ಕು ಗೀಚು ಎಳೆದು ಮೊನೆ ಮೊಂಡು ಮಾಡಿ. ಅಂಚಿನ ಸುತ್ತ ಒಂದು ಸುತ್ತು, ಆಮೇಲೆ ಒಳಗೆ ಅಡ್ಡ ಗೀಟು: ಹಗುರ ಕೈಯಲ್ಲೇ ಕಪ್ಪಾಗುತ್ತದೆ. 0.5 ಮಿ.ಮೀ. ಕಡ್ಡಿಯ ಪೆನ್‌ಪೆನ್ಸಿಲ್‌ನಲ್ಲಿ ಇದೇ ಗೋಲಕ್ಕೆ ಎರಡರಷ್ಟು ಗೀಟು ಬೇಕು, ಒತ್ತಿದರೆ ಚಟ್ ಅನ್ನುತ್ತದೆ. ಕೆಳಗೆ ಬಿದ್ದ ಪೆನ್ಸಿಲ್ಲನ್ನು ಬದಿಗಿಡಿ. ಕಡ್ಡಿ ಮರದೊಳಗೇ ತುಂಡಾಗಿರಬಹುದು, ಹೆರೆದಂತೆಲ್ಲ ಮೊನೆ ಕಳಚುತ್ತದೆ.

ಪೆನ್ಸಿಲಿನ ತುದಿಯ ರಬ್ಬರ್ ಗಟ್ಟಿಯಾಗಿದ್ದರೆ ಅಳಿಸುವುದಿಲ್ಲ, ಮೆತ್ತುತ್ತದೆ. ಬಿಳಿ ಪ್ಲಾಸ್ಟಿಕ್ ರಬ್ಬರ್ ಬೇರೆಯಾಗಿ ಇಟ್ಟುಕೊಳ್ಳಿ. ಒಂದೇ ದಿಕ್ಕಿಗೆ ಉಜ್ಜಿ, ಪುಡಿಯನ್ನು ಒಣ ಕರವಸ್ತ್ರದಿಂದ ತಳ್ಳಿ. ಊದಿದರೆ ಎಂಜಲು ಸಿಡಿಯುತ್ತದೆ.

ಸಿಇಟಿ, ನೀಟ್ ಬರೆದು ಬಂದವರ ಕೈ ತಾನಾಗಿಯೇ ಬಾಲ್‌ಪೆನ್ನಿಗೆ ಹೋಗುತ್ತದೆ. ಪೆನ್ನನ್ನು ಮೇಜಿನ ಮೇಲೆ ಇಟ್ಟುಕೊಳ್ಳಲೇಬೇಡಿ.