ಸ್ವಂತ ಸರ್ವರ್‌ನಲ್ಲಿ ಗಿಟ್‌ಲ್ಯಾಬ್: ಅಪ್‌ಗ್ರೇಡ್ ಬಗ್ಗೆ ಮಾತ್ರ ಒಂದು ವಿಮರ್ಶೆ

ಗಿಟ್‌ಲ್ಯಾಬ್ ಅಂದರೆ ತಂಡದವರು ಸೇರಿ ಕೋಡ್ ಇಟ್ಟುಕೊಂಡು ಕೆಲಸ ಮಾಡುವ ಸಾಫ್ಟ್‌ವೇರ್. ಅದರ ಫೀಚರ್‌ಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಮರ್ಜ್ ರಿಕ್ವೆಸ್ಟ್ (ಬದಲಾದ ಕೋಡನ್ನು ಪರಿಶೀಲಿಸಿ ಸೇರಿಸುವುದು), ಸಿಐ ಪೈಪ್‌ಲೈನ್ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಎಲ್ಲ ಚೆನ್ನಾಗಿವೆ, ತಕರಾರಿಲ್ಲ. 13ನೇ ಆವೃತ್ತಿಯ ಕಾಲದಿಂದ ಒಂದು ಸಣ್ಣ ತಂಡಕ್ಕಾಗಿ ಇದನ್ನು ನಮ್ಮದೇ ಸರ್ವರ್‌ನಲ್ಲಿ ನಡೆಸುತ್ತಿದ್ದೇನೆ. ನನಗೆ ಹೇಳಬೇಕು ಅನ್ನಿಸುವುದು ಅಪ್‌ಗ್ರೇಡ್ ವಿಷಯ. ಇನ್‌ಸ್ಟಾಲ್ ಮಾಡುವುದು ಸುಲಭ. ಆಮೇಲೆ ಅದರ ಹಿಂದೆ ಓಡುತ್ತಾ ಇರುವುದೇ ನಿಜವಾದ ಕೆಲಸ.

ಪ್ರತಿ ತಿಂಗಳೂ ಹೊಸ ಆವೃತ್ತಿ ಬರುತ್ತದೆ. ಮೊದಲು 22ನೇ ತಾರೀಕು ಅಂತ ಇತ್ತು. 2023ರ ನವೆಂಬರ್‌ನಲ್ಲಿ 16.6 ಬಂದಾಗಿನಿಂದ ತಿಂಗಳ ಮೂರನೇ ಗುರುವಾರ ಆಗಿದೆ. ದೊಡ್ಡ ಆವೃತ್ತಿ ಮೇ ತಿಂಗಳಲ್ಲಿ. ನಡುವೆ ದೋಷ ಸರಿಪಡಿಸುವ ಪ್ಯಾಚ್‌ಗಳು ಬೇರೆ. ಭದ್ರತಾ ಪ್ಯಾಚ್ ಸಾಮಾನ್ಯವಾಗಿ ಸಿಗುವುದು ಈಗಿನ ಆವೃತ್ತಿಗೆ ಮತ್ತು ಅದರ ಹಿಂದಿನ ಎರಡಕ್ಕೆ. ಅಂದರೆ ಮೂರು ತಿಂಗಳು ಸುಮ್ನೆ ಕೂತರೆ ಸಾಲಿನಿಂದ ಹೊರಗೆ ಬಿದ್ದ ಹಾಗೆ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹಳೆಯದರಿಂದ ಹೊಸದಕ್ಕೆ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಸೀದಾ ಹೋಗಲು ಬಿಡುವುದಿಲ್ಲ. ಕಡ್ಡಾಯ ಸ್ಟಾಪ್‌ಗಳಿವೆ. 16ರ ಸರಣಿಯಲ್ಲಿ 16.3, 16.7, 16.11. ಸರ್ವರ್ ಎಷ್ಟು ದೊಡ್ಡದು, ಏನೇನು ಬಳಸುತ್ತೀರಿ ಅನ್ನುವುದರ ಮೇಲೆ 16.0, 16.1, 16.2 ಕೂಡ ಸೇರಬಹುದು. 17ರಲ್ಲಿ 17.3, 17.5, 17.8, 17.11. ಹಾರಿ ಹೋಗಲು ನೋಡಿದರೆ ಪ್ಯಾಕೇಜೇ ತಡೆಯುತ್ತದೆ: ಮೊದಲು ಇಂಥ ಆವೃತ್ತಿಗೆ ಹೋಗಿ ಬನ್ನಿ ಅಂತ ಒಂದು ಸಾಲು ತೋರಿಸಿ ನಿಂತುಬಿಡುತ್ತದೆ.

ಇದು ಬೇಕಂತ ಕೊಡುವ ಕಾಟ ಅಲ್ಲ. ಕೆಲವು ಆವೃತ್ತಿಗಳಲ್ಲಿ ಡೇಟಾಬೇಸ್‌ನ ಟೇಬಲ್ ರಚನೆ ಬದಲಾಗುತ್ತದೆ. ಕೋಟಿಗಟ್ಟಲೆ ಸಾಲುಗಳಿರುವ ಟೇಬಲ್ಲನ್ನು ಒಂದೇ ಏಟಿಗೆ ಬದಲಿಸಿದರೆ ಸರ್ವರ್ ಗಂಟೆಗಟ್ಟಲೆ ಬಂದ್. ಹಾಗಾಗಿ ಅಪ್‌ಗ್ರೇಡ್ ಆದ ಮೇಲೆ, ಜನ ಕೆಲಸ ಮಾಡುತ್ತಿರುವಾಗಲೇ, ಹಿನ್ನೆಲೆಯಲ್ಲಿ ಕಂತು ಕಂತಾಗಿ ಡೇಟಾ ಸಾಗಿಸುತ್ತಾರೆ. ಮುಂದೆ ಒಂದು ಆವೃತ್ತಿಯಲ್ಲಿ ಹಳೆಯ ಕಾಲಮ್ಮನ್ನೇ ತೆಗೆದುಹಾಕುತ್ತಾರೆ. ಸಾಗಣೆ ಮುಗಿಯದೇ ಅಲ್ಲಿಗೆ ಹೋದರೆ ಡೇಟಾ ಗತಿ ಏನು? ಅದಕ್ಕೇ ಸ್ಟಾಪ್.

ಈ ಕಾರಣಕ್ಕೆ ಆವೃತ್ತಿ ಸಂಖ್ಯೆಗಿಂತ ನಾನು ಜಾಸ್ತಿ ನೋಡುವುದು ಅಡ್ಮಿನ್ ಭಾಗದಲ್ಲಿ ಮಾನಿಟರಿಂಗ್ ಅಡಿ ಇರುವ ಬ್ಯಾಕ್‌ಗ್ರೌಂಡ್ ಮೈಗ್ರೇಷನ್ಸ್ ಪುಟವನ್ನು. ಈ ಹಿನ್ನೆಲೆ ಸಾಗಣೆಗಳ ಪಟ್ಟಿ ಇರುವುದು ಅಲ್ಲೇ. ಒಂದೊಂದು ಕೆಲಸದ ಹೆಸರು, ಪಕ್ಕದಲ್ಲಿ ಶೇಕಡಾವಾರು. ಚಿಕ್ಕ ಟೇಬಲ್‌ಗಳು ಕಾಫಿ ಕುಡಿದು ಬರುವುದರೊಳಗೆ ಮುಗಿದಿರುತ್ತವೆ. ಪೈಪ್‌ಲೈನ್‌ಗೆ ಸಂಬಂಧಿಸಿದವು ಮಾತ್ರ 61, 61, 62 ಅಂತ ತೆವಳುತ್ತವೆ. ಆ ಪಟ್ಟಿ ಪೂರ್ತಿ ಖಾಲಿ ಆಗುವವರೆಗೆ ಮುಂದಿನ ಹೆಜ್ಜೆ ಇಡಬಾರದು. ಇಟ್ಟರೆ ಮುಂದಿನ ಅಪ್‌ಗ್ರೇಡ್ ಅರ್ಧದಲ್ಲಿ ನಿಂತು, ಈ ಮೈಗ್ರೇಷನ್ ಮುಗಿದಿರಬೇಕಿತ್ತು, ಇನ್ನೂ ನಡೆಯುತ್ತಿದೆ ಅಂತ ಎರರ್ ಬರುತ್ತದೆ. ಅರ್ಧ ಅಪ್‌ಗ್ರೇಡ್ ಆದ ಸರ್ವರ್ ಇಟ್ಟುಕೊಂಡು ಸಂಜೆ ಕಳೆಯುವುದು ಯಾರಿಗೂ ಬೇಡ. ಇನ್ನೊಂದು, ಅಪ್‌ಗ್ರೇಡ್ ಮುಗಿದ ಕೂಡಲೇ ಬ್ರೌಸರ್‌ನಲ್ಲಿ 502 ಎರರ್ ಕಂಡರೆ ಗಾಬರಿ ಆಗಬೇಡಿ. ಒಳಗಿನ ವೆಬ್ ಸರ್ವರ್ ಏಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ತಂಡದವರ ಮೆಸೇಜು ಬರದೇ ಇರುವುದಿಲ್ಲ, ಅದು ಬೇರೆ ಮಾತು.

17.5ರ ನಂತರ ದೊಡ್ಡ ಸುಧಾರಣೆ ಆಗಿದೆ. ಸ್ಟಾಪ್ ಎಲ್ಲಿ ಬರುತ್ತದೆ ಅಂತ ಈಗ ಊಹಿಸಬೇಕಿಲ್ಲ: ಪ್ರತಿ ಸರಣಿಯಲ್ಲೂ 2, 5, 8, 11. ಮೊದಲು ಪ್ರತಿ ಬಾರಿ ದಾಖಲೆ ಪುಟ ಹುಡುಕಬೇಕಿತ್ತು. ಈಗ ವರ್ಷದ ಕ್ಯಾಲೆಂಡರ್‌ನಲ್ಲಿ ನಾಲ್ಕು ಗುರುತು ಹಾಕಿಟ್ಟರೆ ಆಯಿತು. ಇಷ್ಟು ವರ್ಷಗಳಲ್ಲಿ ಬಂದ ಯಾವ ಹೊಸ ಫೀಚರ್‌ಗಿಂತಲೂ ನನಗೆ ಇದೇ ಹೆಚ್ಚು ಇಷ್ಟ.

ಹಳೆಯದರಲ್ಲೇ ಇದ್ದರೆ ಏನಾಗುತ್ತೆ ಅಂತ ಕೇಳುವವರಿಗೆ ಎರಡು ಉದಾಹರಣೆ. 2021ರ ಏಪ್ರಿಲ್‌ನಲ್ಲಿ 13.10.3 ಬಂತು. ಅಪ್‌ಲೋಡ್ ಮಾಡಿದ ಚಿತ್ರದ ಮೂಲಕ ಸರ್ವರ್‌ನಲ್ಲಿ ಕಮಾಂಡ್ ಓಡಿಸಬಹುದಾದ ತೂತನ್ನು ಅದರಲ್ಲಿ ಮುಚ್ಚಿದ್ದರು. ತಿಂಗಳುಗಳ ನಂತರವೂ ಪ್ಯಾಚ್ ಹಾಕದ ಸರ್ವರ್‌ಗಳನ್ನು ಹುಡುಕಿ ಹುಡುಕಿ ದಾಳಿ ಮಾಡಿದರು. 2024ರ ಜನವರಿಯದು ಇನ್ನೂ ಕೆಟ್ಟದ್ದು. ಪಾಸ್‌ವರ್ಡ್ ರೀಸೆಟ್ ಮೇಲ್ ದೃಢೀಕರಿಸದ ಬೇರೆ ವಿಳಾಸಕ್ಕೂ ಹೋಗುತ್ತಿತ್ತು. ತೀವ್ರತೆ ಹತ್ತಕ್ಕೆ ಹತ್ತು. ತಮಾಷೆ ಅಂದರೆ ಆ ದೋಷ ಬಂದದ್ದೇ 16.1ರಲ್ಲಿ. ಅಪ್‌ಗ್ರೇಡ್ ಮಾಡದೆ 15ರಲ್ಲೇ ಇದ್ದ ಸೋಮಾರಿಗಳು ಆವತ್ತು ಬಚಾವ್! ಅದನ್ನೇ ನೀತಿ ಮಾಡಿಕೊಳ್ಳಬೇಡಿ. ಎರಡು ಹಂತದ ಲಾಗಿನ್ ಇದ್ದವರ ಪಾಸ್‌ವರ್ಡ್ ಬದಲಾಗಬಹುದಿತ್ತು, ಆದರೆ ಖಾತೆ ಕೈತಪ್ಪುತ್ತಿರಲಿಲ್ಲ. ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿ.

ಬ್ಯಾಕಪ್ ವಿಷಯದಲ್ಲಿ ಒಂದು ಎಚ್ಚರಿಕೆ. ಗಿಟ್‌ಲ್ಯಾಬ್‌ನ ಬ್ಯಾಕಪ್ ಕಮಾಂಡ್ ಕೋಡ್, ಡೇಟಾಬೇಸ್ ಎಲ್ಲ ತೆಗೆದುಕೊಳ್ಳುತ್ತದೆ. ಆದರೆ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲನ್ನೂ ಎನ್‌ಕ್ರಿಪ್ಷನ್ ಕೀಲಿಗಳಿರುವ ಸೀಕ್ರೆಟ್ಸ್ ಫೈಲನ್ನೂ ಮುಟ್ಟುವುದಿಲ್ಲ. ಆ ಸೀಕ್ರೆಟ್ಸ್ ಫೈಲ್ ಇಲ್ಲದಿದ್ದರೆ ಎನ್‌ಕ್ರಿಪ್ಟ್ ಆದ ಸಿಐ ವೇರಿಯಬಲ್‌ಗಳು, ಎರಡು ಹಂತದ ಲಾಗಿನ್ ಮಾಹಿತಿ ಯಾವುದೂ ತೆರೆಯುವುದಿಲ್ಲ. ಬೇರೆಯಾಗಿ ಎತ್ತಿಡಿ. ರೀಸ್ಟೋರ್ ಮಾಡುವಾಗಲೂ ಬ್ಯಾಕಪ್ ತೆಗೆದ ಅದೇ ಆವೃತ್ತಿ ಬೇಕು. ಹಾಗಾಗಿ ಯಾವ ಆವೃತ್ತಿಯಲ್ಲಿ ತೆಗೆದದ್ದು ಅಂತ ಬರೆದಿಡಿ.

ನನಗೆ ಇಷ್ಟವಾಗದ್ದು, ಇದ್ದದ್ದನ್ನು ತೆಗೆಯುವ ವೇಗ. ಸರ್ವರ್ ಸ್ಥಿತಿಯನ್ನು ಗ್ರಾಫ್‌ಗಳಲ್ಲಿ ತೋರಿಸುವ, ಜೊತೆಗೇ ಬರುತ್ತಿದ್ದ ಗ್ರಾಫಾನಾ 16.3ರಲ್ಲಿ ಹೋಯಿತು. ಕಾನ್ಫಿಗ್‌ನಲ್ಲಿ ಡೇಟಾ ಫೋಲ್ಡರ್ ಹೇಳುವ ಹಳೆಯ ಸೆಟ್ಟಿಂಗ್ 18.0ರಲ್ಲಿ ಹೋಯಿತು. ಡೇಟಾಬೇಸ್‌ಗೂ ಇದೇ ಕಥೆ: ಗಿಟ್‌ಲ್ಯಾಬ್ 17ಕ್ಕೆ ಕಡಿಮೆ ಅಂದರೂ ಪೋಸ್ಟ್‌ಗ್ರೆಸ್ (ಅದು ಬಳಸುವ ಡೇಟಾಬೇಸ್) 14 ಬೇಕು, 18ಕ್ಕೆ ಪೋಸ್ಟ್‌ಗ್ರೆಸ್ 16 ಬೇಕು. ಪ್ಯಾಕೇಜ್‌ನೊಳಗಿನ ಡೇಟಾಬೇಸ್ ಆದರೆ ಅದಕ್ಕೆ ಕಮಾಂಡ್ ಇದೆ. ಹೊರಗೆ ಇಟ್ಟುಕೊಂಡಿದ್ದರೆ ನಿಮ್ಮ ಪಾಡು ನಿಮಗೆ. ಮುಂಚೆಯೇ ತಿಳಿಸುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಪೂರ್ತಿ ಸಮಯದ ಅಡ್ಮಿನ್ ಇಲ್ಲದ ತಂಡದಲ್ಲಿ ಅಷ್ಟೆಲ್ಲ ಓದುವವರು ಯಾರು?

ಒಟ್ಟಿನಲ್ಲಿ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಮೂರು ತಿಂಗಳಿಗೊಮ್ಮೆ ಒಂದು ದಿನ ಬಿಡುವು ಮಾಡಿಕೊಳ್ಳುವವರು ತಂಡದಲ್ಲಿ ಒಬ್ಬರಾದರೂ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಅವರದೇ ಕ್ಲೌಡ್ ಸೇವೆ ಸಾಕು. ಆಪರೇಟಿಂಗ್ ಸಿಸ್ಟಮ್ ತಾನಾಗಿಯೇ ಅಪ್‌ಡೇಟ್ ಆಗುವ ಹಾಗಿದ್ದರೆ ಗಿಟ್‌ಲ್ಯಾಬ್ ಪ್ಯಾಕೇಜನ್ನು ಹೋಲ್ಡ್‌ನಲ್ಲಿ, ಅಂದರೆ ಅದು ತಾನಾಗಿ ಅಪ್‌ಡೇಟ್ ಆಗದ ಹಾಗೆ, ಇಡಿ.

ಈಗಲೂ 15.11ರಲ್ಲಿ ಇರುವವರು ಗಿಟ್‌ಲ್ಯಾಬ್‌ನವರದೇ ಅಪ್‌ಗ್ರೇಡ್ ಪಾತ್ ಉಪಕರಣದಲ್ಲಿ ತಮ್ಮ ಆವೃತ್ತಿ ಹಾಕಿ ನೋಡಿ. 18.2 ಮುಟ್ಟುವಷ್ಟರಲ್ಲಿ ಕಡಿಮೆ ಅಂದರೂ ಏಳು ಕಡೆ ಇಳಿಯಬೇಕು. ಒಂದೇ ರಾತ್ರಿಯಲ್ಲಿ ಮುಗಿಸಲು ಹೋಗಬೇಡಿ. ಮೊದಲು ಬ್ಯಾಕಪ್ಪನ್ನು ಒಂದು ಟೆಸ್ಟ್ ಮೆಷಿನ್‌ನಲ್ಲಿ ರೀಸ್ಟೋರ್ ಮಾಡಿ, ಅಲ್ಲಿ ಪೂರ್ತಿ ದಾರಿ ಓಡಿಸಿ, ಪ್ರತಿ ಸ್ಟಾಪ್‌ನಲ್ಲಿ ಮೈಗ್ರೇಷನ್ ಎಷ್ಟು ಹೊತ್ತು ತಗೊಂಡಿತು ಅಂತ ಗುರುತು ಹಾಕಿಕೊಂಡು ಆಮೇಲೆ ನಿಜವಾದ ಸರ್ವರ್‌ಗೆ ಕೈ ಹಾಕಿ.